ಬೆಟ್ಟ ಹತ್ತುತ್ತಿರುವ ಚರಂಡಿ ಸೊಳ್ಳೆ

ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ದಾರಿಯಲ್ಲಿ ಒಂದು ಪುಟ್ಟ ಗುಂಡಿಯಿದೆ. ಮಳೆಗಾಲದಲ್ಲಿ ಅದು ಕೊಚ್ಚಿಕೊಂಡು ಹರಿಯುತ್ತದೆ, ಬೇಸಿಗೆ ಬಂತೆಂದರೆ ನೀರು ಅಲ್ಲೇ ಕೊಳೆತು ನಿಲ್ಲುತ್ತದೆ. ಮೊನ್ನೆ ಬೆಳಿಗ್ಗೆ ಆ ನೀರನ್ನು ಬಿಳಿ ಬಟ್ಟಲಲ್ಲಿ ಒಂದಿಷ್ಟು ಮೊಗೆದು ಬಿಸಿಲಿಗೆ ಹಿಡಿದೆ. ಮೇಲೆ ಮಸಿಯ ಚೂರಿನಂಥದ್ದೊಂದು ತೇಲುತ್ತಿತ್ತು, ಜೀರಿಗೆ ಕಾಳಿಗಿಂತ ದೊಡ್ಡದಲ್ಲ. ಭೂತಗನ್ನಡಿ ಹಿಡಿದರೆ ಅದೊಂದು ಮೊಟ್ಟೆಗಳ ತೆಪ್ಪ. ನೂರಾರು ಸಣ್ಣ ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡು, ನೀರಿನ ಮೇಲೆ ನೆಟ್ಟಗೆ ನಿಂತಿದ್ದವು. ಬಟ್ಟಲನ್ನು ಎಷ್ಟು ಅಲುಗಾಡಿಸಿದರೂ ಮುಳುಗಲಿಲ್ಲ, ಚದುರಲಿಲ್ಲ. ಅದರ ಕೆಳಗೆ ಹಿಂದಿನ ವಾರದ ಮರಿಹುಳುಗಳು ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡುತ್ತಿದ್ದವು. ಬಾಲದ ತುದಿಯ ಸಣ್ಣ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿಕೊಂಡು ಉಸಿರಾಡುವ ಭಂಗಿ ಅದು. ನನ್ನ ನೆರಳು ಬಿದ್ದದ್ದೇ ತಡ, ಎಲ್ಲವೂ ಕೊಂಕುತ್ತ ತಳಕ್ಕಿಳಿದವು.

ಇದೇ ಕ್ಯುಲೆಕ್ಸ್ ಕ್ವಿಂಕ್ವಿಫ್ಯಾಸಿಯೇಟಸ್. ಹೆಸರು ನಾಲಿಗೆಗೆ ಭಾರ, ಪ್ರಾಣಿ ಮಾತ್ರ ನಮಗೆಲ್ಲ ಚೆನ್ನಾಗಿ ಗೊತ್ತು. ಕರಾವಳಿಯವರ ನುಸಿ, ಉತ್ತರ ಕರ್ನಾಟಕದವರ ಗುಂಗಾಡ ಎಂದರೆ ಹೆಚ್ಚಿನ ಮಟ್ಟಿಗೆ ಇದೇ. ಕತ್ತಲಾದ ಮೇಲೆ ಕಿವಿಯ ಹತ್ತಿರ ಗುಂಯ್‌ಗುಡುವುದು, ನಿದ್ದೆ ಕೆಡಿಸುವುದು, ಚರಂಡಿ, ಶೌಚಗುಂಡಿ, ಕೊಳೆತ ಕೆರೆಯಲ್ಲಿ ಹುಟ್ಟುವುದು ಈ ಸೊಳ್ಳೆಯೇ. ಕಲಬುರಗಿ, ಬೀದರ್, ಉಡುಪಿ, ದಕ್ಷಿಣ ಕನ್ನಡದ ಕಡೆ ಆನೆಕಾಲು ರೋಗದ ಜಂತುವನ್ನು ಮನುಷ್ಯನಿಂದ ಮನುಷ್ಯನಿಗೆ ದಾಟಿಸಿದ್ದೂ ಇದೇ. ಬೂದು ಬಣ್ಣ, ಡೆಂಗಿ ಸೊಳ್ಳೆಯ ಹಾಗೆ ಕಾಲಿನಲ್ಲಿ ಬಿಳಿ ಪಟ್ಟೆಯಿಲ್ಲ, ಮನುಷ್ಯರಿಗೆ ಮಲೇರಿಯಾ ಹರಡುವ ಅನಾಫಿಲಿಸ್‌ನ ಹಾಗೆ ಬಾಲ ಎತ್ತಿ ಕೂರುವುದಿಲ್ಲ. ನೋಡಿದರೆ ನೆನಪಿಟ್ಟುಕೊಳ್ಳುವಂಥದ್ದೇನೂ ಇಲ್ಲ.

ಈ ಸೊಳ್ಳೆ ಎಲ್ಲೆಲ್ಲಿದೆ, ಎಷ್ಟು ಎತ್ತರದವರೆಗೆ ಇದೆ ಎಂದು ಕೇಳಿದರೆ ಉತ್ತರ ಸುಲಭವೆನಿಸುತ್ತದೆ. ಭೂಪಟ ತೆಗೆದುಕೊಂಡು, ಸಿಕ್ಕ ಕಡೆಯೆಲ್ಲ ಚುಕ್ಕಿ ಇಟ್ಟು, ಚುಕ್ಕಿಗಳ ಸುತ್ತ ಗೆರೆ ಎಳೆದರಾಯಿತು. ಆದರೆ ಆ ಗೆರೆ ಏಕೆ ಅಲ್ಲಿ ನಿಂತಿತು, ನಾಳೆಯೂ ಅಲ್ಲೇ ಇರುತ್ತದೆಯೇ, ಗೆರೆಯ ಒಳಗಿದ್ದವರಿಗೆಲ್ಲ ರೋಗ ಬರುತ್ತದೆಯೇ ಎಂದು ಕೇಳಿದಾಗ ತಿಳಿಯುತ್ತದೆ, ಒಂದು ಗೆರೆ ಸಾಲದು ಎಂದು. ಇದನ್ನು ಅರ್ಥಮಾಡಿಕೊಳ್ಳಲು ನಾನು ಕಂಡಂತೆ ಅತ್ಯಂತ ಸ್ಪಷ್ಟವಾದ ಜಾಗ ಹವಾಯಿ ದ್ವೀಪಗಳು. ಅತ್ಯಂತ ನೋವಿನ ಜಾಗವೂ ಅದೇ.

ಪೆಸಿಫಿಕ್ ಸಾಗರದ ನಟ್ಟನಡುವೆ ಜ್ವಾಲಾಮುಖಿಗಳಿಂದ ಎದ್ದ ದ್ವೀಪಗಳು ಅವು. ಯಾವ ಖಂಡಕ್ಕೂ ಹತ್ತಿರವಿಲ್ಲ. ಅಲ್ಲಿಗೆ ಸೊಳ್ಳೆ ತಾನಾಗಿ ಎಂದೂ ಹೋಗಿರಲಿಲ್ಲ. 1826ರವರೆಗೆ ಹವಾಯಿಯಲ್ಲಿ ಒಂದೇ ಒಂದು ಸೊಳ್ಳೆ ಇರಲಿಲ್ಲ. ಆ ವರ್ಷ ಮಾವಿ ದ್ವೀಪದ ಲಹೈನಾ ಬಂದರಿಗೆ ವೆಲಿಂಗ್ಟನ್ ಎಂಬ ಹಡಗು ಮೆಕ್ಸಿಕೋದ ಕಡೆಯಿಂದ ಬಂತು. ಕುಡಿಯುವ ನೀರಿನ ಪೀಪಾಯಿಗಳನ್ನು ತುಂಬಿಸಿಕೊಳ್ಳಲು ನಾವಿಕರು ದಡಕ್ಕಿಳಿದರು, ಹಳೆಯ ನೀರಿನ ಗಸಿಯನ್ನು ಅಲ್ಲಿನ ಹೊಳೆಗೆ ಚೆಲ್ಲಿದರು. ಗಸಿಯಲ್ಲಿ ಮರಿಹುಳುಗಳಿದ್ದವು ಎಂಬುದು ಅಂದಿನಿಂದ ಹೇಳಿಕೊಂಡು ಬಂದಿರುವ ಮಾತು. ಸ್ವಲ್ಪ ದಿನಕ್ಕೆ ಊರಿನವರು ಪಾದ್ರಿಯ ಬಳಿ ಬಂದು, ಕಿವಿಯ ಹತ್ತಿರ ಹಾಡುವ ಹೊಸ ನೊಣವೊಂದು ಬಂದಿದೆ ಎಂದರಂತೆ. ಅದಕ್ಕೆ ಅವರ ಭಾಷೆಯಲ್ಲಿ ಹೆಸರೇ ಇರಲಿಲ್ಲ.

ಸೊಳ್ಳೆ ಬಂದಾಗ ರೋಗ ಬಂದಿರಲಿಲ್ಲ. ಹಕ್ಕಿಗಳಿಗೆ ಬರುವ ಮಲೇರಿಯಾದ ಪರಾವಲಂಬಿ ಮುಂದೆ, ಹೊರದೇಶಗಳಿಂದ ತಂದುಬಿಟ್ಟ ಹಕ್ಕಿಗಳ ರಕ್ತದಲ್ಲಿ ಕೂತು ಬಂತು. ಅದರ ಹೆಸರು ಪ್ಲಾಸ್ಮೋಡಿಯಂ ರೆಲಿಕ್ಟಂ. ಮನುಷ್ಯರಿಗೆ ಇದರಿಂದ ಏನೂ ಆಗುವುದಿಲ್ಲ.

ಇಲ್ಲಿ ಒಂದು ಕ್ಷಣ ನಮ್ಮ ನೆಲಕ್ಕೆ ಬರಬೇಕು. ಮಲೇರಿಯಾ ಸೊಳ್ಳೆಯ ಕಡಿತದಿಂದಲೇ ಹರಡುತ್ತದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಸಾಬೀತು ಮಾಡಿದವನು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್. 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕೆಂದು ಬೆಂಗಳೂರಿನಲ್ಲಿದ್ದವನು. 1897ರಲ್ಲಿ ಊಟಿಗೆ ಹೋದಾಗ, ಮೇಲಿನ ತಂಪು ಬೆಟ್ಟದಲ್ಲಿ ಇಲ್ಲದ ಜ್ವರ ಕೆಳಗಿನ ಸೀಗೂರು ಘಾಟಿಯಲ್ಲಿ ಅವನಿಗೇ ಬಂತು. ಎತ್ತರಕ್ಕೂ ಮಲೇರಿಯಾಕ್ಕೂ ಇರುವ ನಂಟನ್ನು ಮೈಮೇಲೆ ಅನುಭವಿಸಿದವನು ಅವನು. ಮರುವರ್ಷ, 1898ರಲ್ಲಿ, ಕಲ್ಕತ್ತೆಯಲ್ಲಿ ಅವನು ಕೊನೆಯ ಕೊಂಡಿ ಕಂಡುಕೊಂಡದ್ದು ಗುಬ್ಬಚ್ಚಿಗಳಲ್ಲಿ. ರೋಗದ ಗುಬ್ಬಿಯನ್ನು ಕಡಿದ ಬೂದು ಸೊಳ್ಳೆಯ ಹೊಟ್ಟೆಯಿಂದ ಪರಾವಲಂಬಿ ಅದರ ಜೊಲ್ಲುಗ್ರಂಥಿಗೆ ಹೋಗುವುದನ್ನು, ಅಲ್ಲಿಂದ ಆರೋಗ್ಯದ ಗುಬ್ಬಿಯ ರಕ್ತಕ್ಕೆ ಇಳಿಯುವುದನ್ನು ಅವನು ನೋಡಿದ. ಆ ಬೂದು ಸೊಳ್ಳೆಗೆ ಆಗ ಕ್ಯುಲೆಕ್ಸ್ ಫ್ಯಾಟಿಗನ್ಸ್ ಎಂದು ಹೆಸರಿತ್ತು. ಅದು ಇಂದಿನ ಕ್ವಿಂಕ್ವಿಫ್ಯಾಸಿಯೇಟಸ್. ಗುಬ್ಬಿಯ ರಕ್ತದಲ್ಲಿದ್ದದ್ದು ಇಂದಿನ ಪ್ಲಾಸ್ಮೋಡಿಯಂ ರೆಲಿಕ್ಟಂ. ಹವಾಯಿಯ ಕಾಡನ್ನು ಮೌನವಾಗಿಸಿದ ಜೋಡಿಯೇ ಕಲ್ಕತ್ತೆಯ ಆ ಸಣ್ಣ ಪ್ರಯೋಗಶಾಲೆಯಲ್ಲಿ ಜಗತ್ತಿಗೆ ಮಲೇರಿಯಾದ ಗುಟ್ಟು ಬಿಟ್ಟುಕೊಟ್ಟಿತು. ನಮ್ಮ ಗುಬ್ಬಿಗಳ ಪೂರ್ವಿಕರು ಸಾವಿರಾರು ವರ್ಷ ಈ ರೋಗದ ಜೊತೆ ಬಾಳಿದ್ದರು. ಹವಾಯಿಯ ಹಕ್ಕಿಗಳಿಗೆ ಅದರ ಪರಿಚಯವೇ ಇರಲಿಲ್ಲ.

ಆ ಹಕ್ಕಿಗಳ ಬಗ್ಗೆ ಹೇಳದಿದ್ದರೆ ಮುಂದಿನದು ಬರೀ ಲೆಕ್ಕವಾಗುತ್ತದೆ. ಲಕ್ಷಾಂತರ ವರ್ಷಗಳ ಹಿಂದೆ ದಾರಿ ತಪ್ಪಿ ದ್ವೀಪಕ್ಕೆ ಬಂದ ಫಿಂಚ್ ಜಾತಿಯ ಒಂದು ಸಣ್ಣ ಗುಂಪಿನಿಂದ ಐವತ್ತಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಕವಲೊಡೆದವು. ಹನಿಕ್ರೀಪರ್ ಎಂದು ಅವುಗಳ ಹೆಸರು. ಒಂದಕ್ಕೆ ಗಿಳಿಯ ಕೊಕ್ಕು, ಒಂದಕ್ಕೆ ಕುಡುಗೋಲಿನಂತೆ ಬಾಗಿದ ಕೊಕ್ಕು, ಇನ್ನೊಂದಕ್ಕೆ ತೊಗಟೆ ಕೆದಕುವ ಚೂಪು ಕೊಕ್ಕು. ಇಈವಿ ಎಂಬ ಹಕ್ಕಿಯಂತೂ ಕೆಂಡದ ಬಣ್ಣದ್ದು. ಕಪ್ಪು ರೆಕ್ಕೆ, ಬಾಗಿದ ಕಿತ್ತಳೆಗೆಂಪು ಕೊಕ್ಕು. ಅಲ್ಲಿನ ಅರಸು ಮನೆತನದವರ ಮೇಲುಹೊದಿಕೆಗಳಿಗೆ ಅದರ ಗರಿಗಳನ್ನೇ ಪೋಣಿಸುತ್ತಿದ್ದರು. ಐವತ್ತಕ್ಕೂ ಹೆಚ್ಚಿದ್ದ ಬಗೆಗಳಲ್ಲಿ ಇಂದು ಉಳಿದಿರುವುದು 17ರ ಆಸುಪಾಸು. ಇಲಿ, ಬೆಕ್ಕು, ಕಾಡು ಕಡಿದದ್ದು, ಎಲ್ಲಕ್ಕೂ ಇದರಲ್ಲಿ ಪಾಲಿದೆ. ಆದರೆ ಒಳ್ಳೆಯ ಕಾಡು ಉಳಿದ ಕಡೆಯಲ್ಲೂ, ತಗ್ಗಿನಲ್ಲಿ ಹಕ್ಕಿಯಿಲ್ಲ, ಮೇಲೆ ಮಾತ್ರ ಇದೆ. ಏಕೆ ಎಂಬುದೇ ಬಹುಕಾಲ ಒಗಟಾಗಿತ್ತು.

1968ರಲ್ಲಿ ರಿಚರ್ಡ್ ವಾರ್ನರ್ ಎಂಬ ಜೀವವಿಜ್ಞಾನಿ ಒಗಟಿಗೆ ಉತ್ತರವನ್ನು ಪ್ರಕಟಿಸಿದರು. ಸೊಳ್ಳೆಯೇ ಇಲ್ಲದ ಲೇಸನ್ ಎಂಬ ದೂರದ ಚಿಕ್ಕ ದ್ವೀಪದಿಂದ ಫಿಂಚ್ ಹಕ್ಕಿಗಳನ್ನು ತಂದು, ತಗ್ಗಿನ ಊರಲ್ಲಿ ಪಂಜರಗಳಲ್ಲಿಟ್ಟರು. ಕೆಲವು ಪಂಜರಕ್ಕೆ ಸೊಳ್ಳೆ ನುಸುಳದ ಬಟ್ಟೆ ಹೊದಿಸಿದ್ದರು, ಕೆಲವನ್ನು ಹಾಗೇ ಬಿಟ್ಟರು. ಬಟ್ಟೆಯಿಲ್ಲದ ಪಂಜರದ ಹಕ್ಕಿಗಳು ಕಾಯಿಲೆ ಬಿದ್ದು ಸತ್ತವು. ಸೊಳ್ಳೆಪರದೆ ಎಂಬ ನಮ್ಮ ಮನೆಮನೆಯ ವಸ್ತುವೇ ಅಲ್ಲಿ ಸಾವು ಬದುಕಿನ ಗಡಿಯಾಗಿತ್ತು. ಮುಂದೆ 1990ರ ದಶಕದಲ್ಲಿ ಇಈವಿಗಳ ಮೇಲೆ ನಡೆದ ಪ್ರಯೋಗದಲ್ಲಿ, ರೋಗವಿದ್ದ ಒಂದೇ ಒಂದು ಸೊಳ್ಳೆ ಕಡಿದರೂ ಹತ್ತರಲ್ಲಿ ಒಂಬತ್ತು ಹಕ್ಕಿಗಳು ಸತ್ತವು.

ಅಂದರೆ ಬೆಟ್ಟದ ಮೇಲೆ ಎಲ್ಲೋ ಒಂದು ಗೆರೆಯಿದೆ. ಕೆಳಗೆ ಸಾವು, ಮೇಲೆ ಜೀವ. ಆ ಗೆರೆಯನ್ನು ಯಾರು ಎಳೆದರು?

ಮೊದಲ ಉತ್ತರ, ಸೊಳ್ಳೆಯ ಚಳಿಯ ಭಯ. ಈ ಸೊಳ್ಳೆ ಉಷ್ಣವಲಯದ್ದು. ಯುರೋಪ್ ಮತ್ತು ಉತ್ತರ ಅಮೆರಿಕದ ತಣ್ಣನೆಯ ಭಾಗಗಳಲ್ಲಿ ಇದರ ದಾಯಾದಿ ಕ್ಯುಲೆಕ್ಸ್ ಪಿಪಿಯನ್ಸ್ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ತಜ್ಞರೂ ತಡವರಿಸುತ್ತಾರೆ. ನಡತೆಯಲ್ಲಿ ಮಾತ್ರ ಒಂದು ದೊಡ್ಡ ವ್ಯತ್ಯಾಸವಿದೆ. ಪಿಪಿಯನ್ಸ್‌ನ ಹೆಣ್ಣು ಶರತ್ಕಾಲದಲ್ಲಿ ಹಗಲು ಗಿಡ್ಡವಾಗುವುದನ್ನು ಗ್ರಹಿಸಿ, ಮೈಯಲ್ಲಿ ಕೊಬ್ಬು ತುಂಬಿಸಿಕೊಂಡು, ರಕ್ತದ ಗೊಡವೆ ಬಿಟ್ಟು, ನೆಲಮಾಳಿಗೆಗಳಲ್ಲಿ ಚಳಿಗಾಲವಿಡೀ ಅಲುಗದೆ ಕೂರಬಲ್ಲದು. ನಮ್ಮ ಚರಂಡಿ ಸೊಳ್ಳೆಗೆ ಈ ನಿದ್ದೆಯ ವಿದ್ಯೆ ಬರುವುದಿಲ್ಲ. ವರ್ಷದ ಹನ್ನೆರಡು ತಿಂಗಳೂ ಅದು ಹುಟ್ಟುತ್ತಿರಬೇಕು, ಕಡಿಯುತ್ತಿರಬೇಕು. ಹಾಗಾಗಿಯೇ ಅಮೆರಿಕದಲ್ಲಿ ಸುಮಾರು 36ರಿಂದ 39 ಡಿಗ್ರಿ ಉತ್ತರ ಅಕ್ಷಾಂಶದ ಪಟ್ಟಿಯಲ್ಲಿ ಎರಡೂ ಬೆರೆತು ಮಿಶ್ರತಳಿಗಳಾಗುತ್ತವೆ. ಅದಕ್ಕಿಂತ ಉತ್ತರಕ್ಕೆ ಪಿಪಿಯನ್ಸ್‌ನದೇ ಕಾರುಬಾರು, ದಕ್ಷಿಣಕ್ಕೆ ಕ್ವಿಂಕ್ವಿಫ್ಯಾಸಿಯೇಟಸ್‌ನದು. ಜಗತ್ತಿನ ಭೂಪಟದಲ್ಲಿ ಈ ಸೊಳ್ಳೆಯ ಎಲ್ಲೆ ಎಂದರೆ ಚಳಿಗಾಲದ ಎಲ್ಲೆ.

ಉತ್ತರಕ್ಕೆ ಹೋದಂತೆ ಚಳಿ ಹೆಚ್ಚುವ ಹಾಗೆಯೇ ಮೇಲಕ್ಕೆ ಹೋದಂತೆಯೂ ಹೆಚ್ಚುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಕೆ. ಆದರೆ ಇಲ್ಲಿ ಎಚ್ಚರ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅದರ ವರ್ಷದ ಸರಾಸರಿ ಉಷ್ಣಾಂಶವೂ ಹವಾಯಿಯ ಕಡಲತಡಿಯದೂ ಹೆಚ್ಚುಕಮ್ಮಿ ಒಂದೇ. ನಾವು ದೊಡ್ಡ ಭೂಭಾಗದ ಮೇಲೆ, ಸಮಭಾಜಕಕ್ಕೆ ಹತ್ತಿರದಲ್ಲಿದ್ದೇವೆ. ಅವರು ಸಾಗರದ ಗಾಳಿಯ ನಡುವೆ 20 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿದ್ದಾರೆ. ಆದ್ದರಿಂದ ‘ಈ ಸೊಳ್ಳೆ ಇಂತಿಷ್ಟು ಮೀಟರ್‌ವರೆಗೆ ಇರುತ್ತದೆ’ ಎಂಬ ಒಂದೇ ಅಂಕಿಯನ್ನು ಎಲ್ಲ ಬೆಟ್ಟಕ್ಕೂ ಹೊಂದಿಸಲು ಆಗುವುದಿಲ್ಲ. ಹವಾಯಿಯಲ್ಲಿ ಹಕ್ಕಿಗಳಿಗೆ ಆಸರೆಯಾದ 1,500 ಮೀಟರ್ ಎಂಬ ಗೆರೆ ನಮ್ಮ ಪಶ್ಚಿಮಘಟ್ಟದಲ್ಲಿ ಅದೇ ಅರ್ಥ ಕೊಡುವುದಿಲ್ಲ. ಎತ್ತರವನ್ನು ಮೀಟರಿನಲ್ಲಿ ಬರೆಯುತ್ತೇವೆ, ಸೊಳ್ಳೆ ಅದನ್ನು ಓದುವುದು ಡಿಗ್ರಿಯಲ್ಲಿ.

ಎರಡನೆಯ ಉತ್ತರವೇ ನಿಜವಾದ ಗುಟ್ಟು. ಹವಾಯಿಯ ಬೆಟ್ಟಗಳಲ್ಲಿ ಸೊಳ್ಳೆ ಇರುವ ಕಡೆಯೆಲ್ಲ ರೋಗ ಹರಡುವುದಿಲ್ಲ. ಸೊಳ್ಳೆಯ ಹೊಟ್ಟೆಗೆ ಹೋದ ಪರಾವಲಂಬಿ ಅಲ್ಲಿ ಬೆಳೆಯಬೇಕು, ಬೆಳೆದು ಜೊಲ್ಲುಗ್ರಂಥಿಗೆ ಬರಬೇಕು. ಅಲ್ಲಿಯವರೆಗೆ ಸೊಳ್ಳೆ ಎಷ್ಟು ಕಡಿದರೂ ಹಕ್ಕಿಗೆ ತುರಿಕೆಯಷ್ಟೇ. ಸೊಳ್ಳೆಗೆ ತನ್ನದೇ ಮೈಬಿಸಿ ಇಲ್ಲ, ಹೊರಗಿನ ಗಾಳಿ ಎಷ್ಟು ಬಿಸಿಯೋ ಅದರ ಹೊಟ್ಟೆಯೂ ಅಷ್ಟೇ ಬಿಸಿ. ಪ್ಲಾಸ್ಮೋಡಿಯಂ ರೆಲಿಕ್ಟಂ 13 ಡಿಗ್ರಿಗಿಂತ ಕೆಳಗೆ ಬೆಳೆಯುವುದೇ ಇಲ್ಲ. ಅದಕ್ಕಿಂತ ಮೇಲೆ ಎಷ್ಟು ಡಿಗ್ರಿಯೋ ಅಷ್ಟು ಬೇಗ ಬೆಳೆಯುತ್ತದೆ. ಇದನ್ನು ಅಳೆದು ನೋಡಿದವರು ಕೊಟ್ಟ ಲೆಕ್ಕ ಸುಮಾರು 86 ಡಿಗ್ರಿ-ದಿನ. ಅಂದರೆ 13ರ ಮೇಲೆ ಪ್ರತಿದಿನ ಎಷ್ಟು ಡಿಗ್ರಿ ಸಿಕ್ಕಿತು ಎಂದು ಕೂಡುತ್ತ ಹೋಗಿ, ಒಟ್ಟು 86 ಆದ ದಿನ ಪರಾವಲಂಬಿ ಸಿದ್ಧ. ಬೆಳೆಗೆ ಬಿಸಿಲು ಕೂಡಿಬರುವ ಲೆಕ್ಕದ ಹಾಗೆಯೇ ಇದು.

ಕೈಯಲ್ಲೇ ಲೆಕ್ಕ ಹಾಕಿ ನೋಡಿ. ಉಷ್ಣಾಂಶ 25 ಡಿಗ್ರಿ ಇದ್ದರೆ ದಿನಕ್ಕೆ 12ರಂತೆ, ಸುಮಾರು ಏಳು ದಿನ ಸಾಕು. 21 ಇದ್ದರೆ ಹನ್ನೊಂದು ದಿನ. 17ಕ್ಕೆ ಇಳಿದರೆ ದಿನಕ್ಕೆ ಸಿಗುವುದು ನಾಲ್ಕೇ, ಇಪ್ಪತ್ತೊಂದೂವರೆ ದಿನ ಬೇಕು. 15 ಡಿಗ್ರಿಯಲ್ಲಿ 43 ದಿನ. ಈಗ ಸೊಳ್ಳೆಯ ಆಯುಷ್ಯವನ್ನು ಇದರ ಪಕ್ಕದಲ್ಲಿಡಿ. ಲೆಕ್ಕಕ್ಕೆಂದು, ದಿನವೂ ನೂರರಲ್ಲಿ ಹತ್ತು ಸೊಳ್ಳೆ ಸಾಯುತ್ತವೆ ಎಂದುಕೊಳ್ಳೋಣ. ರೋಗದ ಹಕ್ಕಿಯನ್ನು ಕಡಿದ ನೂರು ಸೊಳ್ಳೆಗಳಲ್ಲಿ ಏಳು ದಿನ ಬದುಕುವವು 48. ಹನ್ನೊಂದು ದಿನ ಬದುಕುವವು 31. ಇಪ್ಪತ್ತೊಂದೂವರೆ ದಿನಕ್ಕೆ 10 ಉಳಿಯುತ್ತವೆ. 43 ದಿನಕ್ಕೆ ಒಂದೇ ಒಂದು. ಪರಾವಲಂಬಿ ಹಣ್ಣಾಗುವುದರೊಳಗೆ ಅದನ್ನು ಹೊತ್ತ ಸೊಳ್ಳೆಯೇ ಮಣ್ಣು ಸೇರಿರುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಇಳಿದದ್ದಕ್ಕೆ ಅಪಾಯ ಹತ್ತರಲ್ಲೊಂದು ಪಾಲಾಗಲಿಲ್ಲ, ಐವತ್ತರಲ್ಲೊಂದು ಪಾಲಿಗೆ ಬಂತು. ಬೆಟ್ಟದ ಮೇಲೆ ರೋಗ ಮೆಲ್ಲಗೆ ಮಾಸಿಹೋಗದೆ ಒಂದು ಎತ್ತರದಲ್ಲಿ ಕತ್ತರಿಸಿದಂತೆ ನಿಲ್ಲುವುದು ಈ ಕಾರಣಕ್ಕೆ.

ಕಡಲತಡಿಯಲ್ಲಿ ಸರಾಸರಿ 24 ಡಿಗ್ರಿ ಎಂದು ಹಿಡಿದರೆ, 17 ಡಿಗ್ರಿ ಬರುವುದು ಸುಮಾರು 1,100 ಮೀಟರ್‌ನಲ್ಲಿ, 13 ಬರುವುದು ಸುಮಾರು 1,700ರಲ್ಲಿ. ನೆಲದ ಮೇಲೆ ಕಂಡದ್ದೂ ಇದಕ್ಕೆ ಹೊಂದುತ್ತದೆ. 900 ಮೀಟರ್‌ನ ಕೆಳಗೆ ವರ್ಷವಿಡೀ ರೋಗ. 900ರಿಂದ 1,500ರ ನಡುವೆ ಋತು ನೋಡಿಕೊಂಡು ಬಂದುಹೋಗುವ ರೋಗ, ಬೇಸಿಗೆಯ ಕೊನೆಯಲ್ಲಿ, ಶರತ್ಕಾಲದಲ್ಲಿ ಜೋರು. 1,500ರ ಮೇಲೆ ಬಹಳ ಕಾಲ ನೆಮ್ಮದಿಯಿತ್ತು.

ನಡುವಿನ ಆ ಪಟ್ಟಿಯೇ ಅತ್ಯಂತ ಕ್ರೂರವಾದದ್ದು. ತಗ್ಗಿನಲ್ಲಿ ರೋಗಕ್ಕೆ ಬಲಿಯಾಗಬಹುದಾದ ಹಕ್ಕಿಗಳು ಹೆಚ್ಚು ಉಳಿದಿಲ್ಲ. ಮೇಲೆ ಹಕ್ಕಿಗಳಿವೆ, ರೋಗ ಕಡಿಮೆ. ನಡುವೆ ಎರಡೂ ಸೇರುತ್ತವೆ. ಓಹಿಯಾ ಮರಗಳು ಎಲ್ಲ ಎತ್ತರದಲ್ಲೂ ಒಟ್ಟಿಗೇ ಹೂಬಿಡುವುದಿಲ್ಲ. ಮೇಲಿನ ಕಾಡಿನಲ್ಲಿ ಹೂವು ಮುಗಿದಾಗ ಇಈವಿಗಳು ಮಕರಂದ ಹುಡುಕಿಕೊಂಡು ಕೆಳಗಿಳಿಯುತ್ತವೆ. ಕೆಂಪು ಹೂವಿನ ಮರ ಅವುಗಳನ್ನು ಕರೆಯುತ್ತದೆ, ಸೊಳ್ಳೆ ಅಲ್ಲೇ ಕಾದಿರುತ್ತದೆ. ಭೂಪಟದಲ್ಲಿ ಹಕ್ಕಿಯ ನೆಲೆ ಮೇಲೆ, ಸೊಳ್ಳೆಯ ನೆಲೆ ಕೆಳಗೆ ಎಂದು ಎರಡು ಬಣ್ಣ ಬಳಿದು ನೆಮ್ಮದಿಯಾಗಿರಲು ಆಗದಿರುವುದು ಇದಕ್ಕೇ. ಹಕ್ಕಿ ಗೆರೆ ದಾಟುತ್ತದೆ. ಸೊಳ್ಳೆಯೂ ದಾಟುತ್ತದೆ. ಗುರುತು ಹಚ್ಚಿ ಬಿಟ್ಟ ಸೊಳ್ಳೆಗಳು ಆ ಕಾಡಿನಲ್ಲಿ 3 ಕಿಲೋಮೀಟರ್ ದೂರದವರೆಗೂ ಹೋಗಿ ಸಿಕ್ಕಿಬಿದ್ದಿವೆ. ತಾನು ಹುಟ್ಟಲಾರದ ಎತ್ತರಕ್ಕೆ ಹೋಗಿ ಕಡಿಯಲು ಸೊಳ್ಳೆಗೆ ಏನೂ ಅಡ್ಡಿಯಿಲ್ಲ.

ಇನ್ನು ನೀರು. ಉಷ್ಣಾಂಶ ಸರಿಯಿದ್ದರೂ ಮೊಟ್ಟೆಯಿಡಲು ನಿಂತ ನೀರು ಬೇಕಲ್ಲ? ಎಳೆಯ ಲಾವಾ ನೆಲ ಜರಡಿಯಿದ್ದ ಹಾಗೆ, ಎಷ್ಟು ಮಳೆ ಬಿದ್ದರೂ ಇಂಗಿಹೋಗುತ್ತದೆ. ದಟ್ಟ ಮಳೆಕಾಡಿನಲ್ಲಿ ಚರಂಡಿ ಎಲ್ಲಿಂದ ಬಂತು ಎಂದು ಹುಡುಕಿದವರಿಗೆ ಸಿಕ್ಕಿದ್ದು ಹಂದಿ. ಹೊರಗಿನಿಂದ ತಂದ ಹಂದಿಗಳು ಕಾಡುಬಿದ್ದು ಅಲ್ಲಿ ಹೇರಳವಾಗಿವೆ. ಆ ಕಾಡುಗಳಲ್ಲಿ ಹಾಪೂ ಎಂಬ ಮರದೆತ್ತರದ ಜರಿಗಿಡವಿದೆ, ಅದರ ಕಾಂಡದೊಳಗೆ ಹಿಟ್ಟಿನಂಥ ತಿರುಳು. ಹಂದಿ ಆ ಕಾಂಡವನ್ನು ಉರುಳಿಸಿ, ಸಿಪ್ಪೆ ಹರಿದು, ತಿರುಳು ತಿಂದು ಹೋಗುತ್ತದೆ. ಉಳಿದದ್ದು ಒಂದು ತೊಟ್ಟಿ, ದನಕ್ಕೆ ನೀರಿಡುವ ನಮ್ಮ ಕಲ್ಲಿನ ಬಾನಿಯ ಹಾಗೆ. ಅದರಲ್ಲಿ ಮಳೆನೀರು ತುಂಬಿ, ತಿರುಳಿನ ಚೂರು, ಎಲೆ ಕೊಳೆತು ಕಪ್ಪಗಾಗುತ್ತದೆ. ನಮ್ಮ ಹಿತ್ತಲ ಗುಂಡಿಯ ನೀರಿಗೂ ಅದಕ್ಕೂ ಸೊಳ್ಳೆಯ ಮೂಗಿಗೆ ವ್ಯತ್ಯಾಸವಿಲ್ಲ. ಬಸುರಿ ಸೊಳ್ಳೆ ಕೊಳೆತ ವಾಸನೆಯನ್ನೇ ಅರಸಿ ಬರುತ್ತದೆ. ಅದನ್ನು ಹಿಡಿಯಲು ಇಡುವ ಬಲೆಗೂ ಹುಲ್ಲು ನೆನೆಸಿ ಕೊಳೆಸಿದ ನೀರನ್ನೇ ಬಳಸುತ್ತಾರೆ. ಸೊಳ್ಳೆಯ ಎತ್ತರದ ಹಂಚಿಕೆಯ ನಕ್ಷೆ ಮಾಡಲು ಹೊರಟರೆ ಹಂದಿಯ ಹಲ್ಲಿನ ಗುರುತನ್ನೂ ಅದರಲ್ಲಿ ಬರೆದುಕೊಳ್ಳಬೇಕು. ಕೆಲವು ಕಾಡುಗಳಿಗೆ ಬೇಲಿ ಹಾಕಿ ಹಂದಿಗಳನ್ನು ಹೊರಗಿಡುವುದು ಅಲ್ಲಿ ಸೊಳ್ಳೆ ತಡೆಯುವ ಕೆಲಸವೂ ಹೌದು.

ಹೀಗೆ ಒಂದೇ ಬೆಟ್ಟದ ಮೇಲೆ ಮೂರು ಗೆರೆಗಳಾದವು. ಸೊಳ್ಳೆ ಹುಟ್ಟಿ ಬೆಳೆಯಬಲ್ಲ ಗೆರೆ, ಸೊಳ್ಳೆಯೊಳಗೆ ರೋಗ ಹಣ್ಣಾಗಬಲ್ಲ ಗೆರೆ, ಹಕ್ಕಿ ಬದುಕಬಲ್ಲ ಗೆರೆ. ಮೂರೂ ಒಂದರ ಮೇಲೊಂದು ಕೂರುವುದಿಲ್ಲ. ಎಲ್ಲ ಹಕ್ಕಿಗೂ ಮೂರನೆಯ ಗೆರೆ ಒಂದೇ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಮಾಕಿಹಿ ಎಂಬ ಹಳದಿಹಸಿರು ಹನಿಕ್ರೀಪರ್ ಹವಾಯಿಯ ದೊಡ್ಡ ದ್ವೀಪದ ತಗ್ಗಿನಲ್ಲಿ, ರೋಗ ತುಂಬಿದ ಕಾಡಿನಲ್ಲೇ, ಮತ್ತೆ ಹೆಚ್ಚುತ್ತಿರುವುದು ಕಂಡುಬಂದಿದೆ. ರೋಗ ತಗುಲಿಯೂ ಸಾಯದೆ ಉಳಿದವುಗಳ ಮರಿಗಳು ಅವು. ಇಂಥದ್ದು ಇಈವಿಗೂ ಆಗಬಹುದಲ್ಲ ಎಂದು ಆಸೆಪಡುವುದು ಸಹಜ. ಆದರೆ ಹತ್ತರಲ್ಲಿ ಒಂಬತ್ತು ಸಾಯುವ, ಅದರಲ್ಲೂ ಸಂಖ್ಯೆ ಕುಸಿದಿರುವ ಹಕ್ಕಿಗೆ ಅಷ್ಟು ತಲೆಮಾರುಗಳ ಕಾಲಾವಕಾಶ ಎಲ್ಲಿದೆ?

ಕಾಲಾವಕಾಶ ಇಲ್ಲದಿರುವುದು ಗೆರೆಗಳು ಮೇಲಕ್ಕೆ ಸರಿಯುತ್ತಿರುವುದರಿಂದ. ಸಾವಿರ ಮೀಟರಿಗೆ 6.5 ಡಿಗ್ರಿ ಎಂದರೆ, ಗಾಳಿ ಒಂದು ಡಿಗ್ರಿ ಬಿಸಿಯಾದಾಗ ರೋಗದ ಗೆರೆ ಸುಮಾರು 150 ಮೀಟರ್ ಮೇಲೇರುತ್ತದೆ. ಭೂಮಿ ಬಿಸಿಯಾಗುವುದರ ಬಗ್ಗೆ ಮಾತಾಡುವಾಗ ಒಂದು ಡಿಗ್ರಿ ಎಂದರೆ ಏನು ಮಹಾ ಅನಿಸುತ್ತದೆ. ಕಾವಾಯಿ ದ್ವೀಪದ ಅಕಿಕಿಕಿ ಹಕ್ಕಿಗೆ ಆ ಡಿಗ್ರಿ ಏನೆಂದು ನೋಡೋಣ. ಕಾವಾಯಿಯ ಅತಿ ಎತ್ತರದ ಜಾಗ 1,598 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಮುನ್ನೂರು ಮೀಟರಿಗೂ ಹೆಚ್ಚು ತಗ್ಗು. ಹಕ್ಕಿಗಳು ಉಳಿದಿದ್ದ ಅಲಕಾಯಿ ಎಂಬ ಜೌಗು ಪ್ರಸ್ಥಭೂಮಿ ಅದಕ್ಕಿಂತಲೂ ಕೆಳಗೆ. ಗೆರೆ ಮೇಲೆ ಬಂದಂತೆ ಹಕ್ಕಿ ಇನ್ನೂ ಮೇಲೆ ಹೋಗಬೇಕು, ಆದರೆ ದ್ವೀಪದಲ್ಲಿ ಮೇಲೆಂಬುದೇ ಇಲ್ಲ. ಬೂದುಬಿಳಿ ಬಣ್ಣದ, ತೊಗಟೆಯ ಮೇಲೆ ಓಡಾಡಿಕೊಂಡಿದ್ದ ಆ ಪುಟ್ಟ ಹಕ್ಕಿ 2023ರ ಹೊತ್ತಿಗೆ ಕಾಡಿನಲ್ಲಿ ಬೆರಳೆಣಿಕೆಗೆ ಇಳಿದಿತ್ತು. ಉಳಿದವುಗಳನ್ನು ಮಾವಿ ಮತ್ತು ಹವಾಯಿ ದ್ವೀಪಗಳ ಸಾಕಣೆ ಕೇಂದ್ರಗಳಲ್ಲಿ, ಸೊಳ್ಳೆ ಬಾರದ ಕೋಣೆಗಳಲ್ಲಿ ಕಾಪಾಡುತ್ತಿದ್ದಾರೆ. 2023ರ ಆಗಸ್ಟ್ 8ರಂದು ಮಾವಿಯಲ್ಲಿ ಕಾಳ್ಗಿಚ್ಚು ಎದ್ದಾಗ ಬೆಂಕಿ ಅಲ್ಲಿನ ಕೇಂದ್ರದ ಬೇಲಿಯವರೆಗೂ ಬಂತು. ಸಿಬ್ಬಂದಿ ಮತ್ತು ನೆರೆಯವರು ತೋಟದ ನೀರಿನ ಪೈಪು ಹಿಡಿದು ಹೋರಾಡಿ ಹಕ್ಕಿಗಳನ್ನು ಉಳಿಸಿಕೊಂಡರು. ಅದೇ ದಿನದ ಇನ್ನೊಂದು ಬೆಂಕಿಯಲ್ಲಿ ಲಹೈನಾ ಊರು ಸುಟ್ಟುಹೋಯಿತು, ನೂರಕ್ಕೂ ಹೆಚ್ಚು ಜನ ಸತ್ತರು. 1826ರಲ್ಲಿ ಪೀಪಾಯಿಯ ಗಸಿ ಚೆಲ್ಲಿದ ಊರು ಅದು.

ಎತ್ತರದ ಬೆಟ್ಟವಿರುವ ದ್ವೀಪಗಳಲ್ಲಾದರೂ ಹಕ್ಕಿ ಮೇಲೇರಬಹುದಲ್ಲ ಎಂದು ಕೇಳಬಹುದು. ಮಾವಿಯ ಹಲೆಯಾಕಲಾ 3,055 ಮೀಟರ್. ಆದರೆ ವಾಣಿಜ್ಯ ಮಾರುತಗಳು ತರುವ ಮೋಡಕ್ಕೆ ಅಲ್ಲಿ ಸುಮಾರು 2,000 ಮೀಟರ್‌ನ ಆಚೀಚೆ ಒಂದು ಮುಚ್ಚಳವಿದೆ. ಅದರ ಮೇಲಿನ ಗಾಳಿ ಒಣಗಾಳಿ. ಮಳೆಯಿಲ್ಲ, ಹಾಗಾಗಿ ಮಳೆಕಾಡೂ ಇಲ್ಲ, ಬರೀ ಪೊದೆ, ಹುಲ್ಲು, ಬೂದಿಬಣ್ಣದ ಕಲ್ಲು. ಕೆಳಗಿನಿಂದ ಸೊಳ್ಳೆ ಮೇಲೆ ಬರುತ್ತಿದೆ, ಕಾಡಿನ ಅಂಚು ಮಾತ್ರ ಇದ್ದಲ್ಲೇ ಇದೆ. ನಡುವಿನ ಹಸಿರು ಪಟ್ಟಿ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ.

ಹಳೆಯ ನಕ್ಷೆಯನ್ನು ನಂಬಿದರೆ ಏನಾಗುತ್ತದೆ ಎಂಬುದು 2019ರಲ್ಲಿ ಗೊತ್ತಾಯಿತು. ಕಿವಿಕಿಯು ಎಂಬ ಗಿಳಿಕೊಕ್ಕಿನ ಹನಿಕ್ರೀಪರ್ ಮಾವಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ, ಅಲ್ಲೂ ಬೆಟ್ಟದ ಒಂದೇ ಮಗ್ಗುಲಲ್ಲಿ. ಅದಕ್ಕೆ ಎರಡನೆಯ ನೆಲೆ ಮಾಡಿಕೊಡಲು ಬೆಟ್ಟದ ಇನ್ನೊಂದು ಬದಿಯ ನಕುಲಾ ಎಂಬ ಕಡೆ ವರ್ಷಗಟ್ಟಲೆ ಗಿಡ ನೆಟ್ಟು ಕಾಡು ಬೆಳೆಸಿದರು. ಎತ್ತರ ಸಾಕಷ್ಟಿದೆ, ಸೊಳ್ಳೆಯ ಕಾಟ ಇರಲಾರದು ಎಂಬ ಭರವಸೆಯಿತ್ತು. ಅಕ್ಟೋಬರ್‌ನಲ್ಲಿ ಕಾಡಿನಿಂದ ಏಳು, ಸಾಕಣೆ ಕೇಂದ್ರದಿಂದ ಏಳು, ಒಟ್ಟು 14 ಹಕ್ಕಿಗಳನ್ನು ಅಲ್ಲಿಗೆ ಒಯ್ದರು. ಕೆಲವೇ ವಾರಗಳಲ್ಲಿ ಅವು ಒಂದೊಂದಾಗಿ ಸತ್ತು ಬಿದ್ದವು, ಪರೀಕ್ಷಿಸಿದಾಗ ಸಿಕ್ಕಿದ್ದು ಮಲೇರಿಯಾ. ಸೊಳ್ಳೆ ಆಗಲೇ ಅಲ್ಲಿಗೆ ಬಂದಿತ್ತು. ಇದನ್ನು ಓದಿದಾಗ ನನಗೆ ಹಕ್ಕಿಗಳಷ್ಟೇ ಆ ಜನರ ನೆನಪೂ ಕಾಡಿತು. ಗಿಡ ನೆಟ್ಟು, ವರ್ಷಗಟ್ಟಲೆ ಕಾದು, ಕೈಯಾರೆ ಹೊತ್ತೊಯ್ದು ಬಿಟ್ಟವರು ಅವರು. 2021ರ ಜುಲೈನಲ್ಲಿ ಅದೇ ಕಾಡಿನಲ್ಲಿ ಒಂದು ಕಿವಿಕಿಯು ಹಾಡುವುದು ಕೇಳಿಸಿತು. ಕಾಲಿಗೆ ಹಾಕಿದ್ದ ಬಣ್ಣದ ಉಂಗುರಗಳಿಂದ ಗುರುತು ಸಿಕ್ಕಿತು, ಆ 14ರಲ್ಲಿ ಒಂದು ಗಂಡು, ಇಪ್ಪತ್ತು ತಿಂಗಳು ಒಂಟಿಯಾಗಿ ಬದುಕಿತ್ತು.

2023ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರ ಹವಾಯಿಯ ಎಂಟು ಕಾಡುಹಕ್ಕಿಗಳನ್ನು ಅಳಿದುಹೋದವು ಎಂದು ಘೋಷಿಸಿ ರಕ್ಷಿತ ಪಟ್ಟಿಯಿಂದ ತೆಗೆಯಿತು. ಮರುತಿಂಗಳೇ ಮಾವಿಯ ಪೂರ್ವದ ಕಾಡಿನಲ್ಲಿ ಹೊಸದೊಂದು ಕೆಲಸ ಶುರುವಾಯಿತು. ಸೊಳ್ಳೆಯ ಗೆರೆಯನ್ನು ಕೆಳಕ್ಕೆ ತಳ್ಳುವ ಕೆಲಸ.

ಅದರ ಹಿಂದಿನ ವಿದ್ಯೆ ಹೀಗಿದೆ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಸೊಳ್ಳೆಯ ಜೀವಕೋಶಗಳೊಳಗೆ ಮನೆ ಮಾಡಿಕೊಂಡಿರುತ್ತದೆ. 1924ರಲ್ಲಿ ಅದು ಮೊದಲು ಸಿಕ್ಕಿದ್ದೂ ಕ್ಯುಲೆಕ್ಸ್ ಪಿಪಿಯನ್ಸ್‌ನಲ್ಲೇ. ಅದರಲ್ಲಿ ಬೇರೆಬೇರೆ ತಳಿಗಳಿವೆ. ಗಂಡಿನಲ್ಲಿ ಒಂದು ತಳಿ, ಹೆಣ್ಣಿನಲ್ಲಿ ಅದಕ್ಕೆ ಹೊಂದದ ಇನ್ನೊಂದು ತಳಿ ಇದ್ದರೆ, ಕೂಡಿದರೂ ಮೊಟ್ಟೆ ಒಡೆಯುವುದಿಲ್ಲ. ಈ ಗುಣವನ್ನೇ ಹಿಡಿದು 1967ರಲ್ಲಿ ಹಾನೆಸ್ ಲಾವೆನ್ ಎಂಬ ವಿಜ್ಞಾನಿ ಬರ್ಮಾದ ರಂಗೂನಿನ ಹತ್ತಿರ ಓಕ್ಪೋ ಎಂಬ ಹಳ್ಳಿಯಲ್ಲಿ ಇದೇ ಚರಂಡಿ ಸೊಳ್ಳೆಯನ್ನು ಇಲ್ಲವಾಗಿಸಿ ತೋರಿಸಿದ್ದರು. ಹವಾಯಿಯಲ್ಲಿ ಈಗ ಕಾಡಿನ ಹೆಣ್ಣುಗಳಿಗೆ ಹೊಂದದ ವೊಲ್ಬಾಕಿಯಾ ಇರುವ ಗಂಡು ಸೊಳ್ಳೆಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಕಾಡಿಗೆ ಬಿಡುತ್ತಿದ್ದಾರೆ. ಗಂಡು ಸೊಳ್ಳೆ ಕಡಿಯುವುದಿಲ್ಲ, ಹೂವಿನ ರಸ ಕುಡಿದು ಬದುಕುತ್ತದೆ. ಅದನ್ನು ಕೂಡಿದ ಹೆಣ್ಣು ಎಂದಿನಂತೆ ತೆಪ್ಪ ಕಟ್ಟಿ ಮೊಟ್ಟೆಯಿಡುತ್ತದೆ, ಮೊಟ್ಟೆಯಿಂದ ಏನೂ ಹೊರಬರುವುದಿಲ್ಲ.

ಬಿಟ್ಟ ಗಂಡುಗಳು ಮರಿ ಬಿಡದೆ ಸಾಯುವುದರಿಂದ ವಾರವಾರವೂ ಬಿಡುತ್ತಲೇ ಇರಬೇಕು, ಕಾಡಿನ ಗಂಡುಗಳಿಗಿಂತ ಅವುಗಳ ಸಂಖ್ಯೆ ಬಹಳ ಹೆಚ್ಚಿರಬೇಕು. ಎಲ್ಲಿ ಬಿಡಬೇಕು ಎಂಬುದಕ್ಕೆ ಮತ್ತೆ ಅದೇ ಗೆರೆಗಳ ಲೆಕ್ಕ. ದ್ವೀಪವಿಡೀ ಬಿಡಲು ಆಗದು, ಕಡಲತಡಿಯ ಊರುಗಳ ಸೊಳ್ಳೆ ಹಾಗೇ ಇರುತ್ತದೆ. ಹಕ್ಕಿಗಳು ಉಳಿದಿರುವ ಕಾಡು, ಅದರ ಕೆಳಗೆ ಸೊಳ್ಳೆ ಹಾರಿಬರಬಹುದಾದಷ್ಟು ಅಗಲದ ಪಟ್ಟಿ, ಇಷ್ಟನ್ನು ಹಿಡಿದರೆ ಸಾಕು. ಅಲ್ಲಿಗೆ ದಾರಿಯಿಲ್ಲ. ಇಳಿಜಾರು, ಕೆಸರು, ಹೆಜ್ಜೆಗೊಂದು ಕಂದರ. ಹಾಗಾಗಿ ಹೆಲಿಕಾಪ್ಟರಿನಿಂದ ಮಣ್ಣಿನಲ್ಲಿ ಕರಗಿಹೋಗುವ ಡಬ್ಬಿಗಳನ್ನು ಉದುರಿಸುತ್ತಾರೆ. ಮೋಡ ಕವಿದ ದಿನ ಹೆಲಿಕಾಪ್ಟರ್ ಹಾರುವುದಿಲ್ಲ, ಅಲ್ಲಿ ಮೋಡ ಕವಿಯದ ದಿನಗಳೇ ಕಡಿಮೆ. 2025ರಲ್ಲಿ ಡ್ರೋನ್‌ನಿಂದಲೂ ಉದುರಿಸುವುದು ಶುರುವಾಗಿದೆ. ಒಂದೊಂದು ಡಬ್ಬಿಯಲ್ಲಿ ಸುಮಾರು ಸಾವಿರ ಗಂಡು ಸೊಳ್ಳೆಗಳು. ಓಹಿಯಾ ಮರದ ಮೇಲೆ ಬಿದ್ದು, ಕೊಂಬೆಯಿಂದ ಕೊಂಬೆಗೆ ಜಾರಿ, ಪಾಚಿಯ ಮೇಲೆ ಬಂದು ನಿಲ್ಲುತ್ತದೆ. ತೆರೆದ ಬಾಯಿಂದ ಅವು ಒಂದೊಂದಾಗಿ ಹೊರಬಂದು, ರೆಕ್ಕೆ ಒಣಗಿಸಿಕೊಂಡು, ಮಂಜಿನೊಳಕ್ಕೆ ಹಾರಿಹೋಗುತ್ತವೆ.